ಬಾಯವ್ವನ ಖಾಲಿ ಬಟ್ಟಲು

“ಖಾಲಿ ಡಬ್ಬಿ ಹ್ಯಾಂಗ ಇಸ್ಕೊಳ್ಳಲ್ರೀ ಸಾಹೇಬ್ರ?”

ಹೊಸ್ತಿಲಾಚೆ ನಿಂತ ಸೀತವ್ವನ ಕೈ ಅರ್ಧಕ್ಕೆ ಬಂದು ಅಲ್ಲೇ ತಡೆಯಿತು. ಇನ್‌ಸ್ಪೆಕ್ಟರ್ ವೀರಪ್ಪನವರು ತಾವೇ ತಿಕ್ಕಿ ತೊಳೆದು ಒರೆಸಿದ ಸ್ಟೀಲಿನ ಡಬ್ಬಿಯನ್ನು ಚಾಚಿ ಹಿಡಿದಿದ್ದರು. ಬೈಲಹೊಂಗಲದ ಆ ಓಣಿಯಲ್ಲಿ ಪಕ್ಕದ ಮನೆಯವಳಾದ ಸೀತವ್ವ ಅಮಾವಾಸ್ಯೆಯ ದಿನ ಅದರಲ್ಲಿ ಗೋದಿ ಹುಗ್ಗಿ ತಂದುಕೊಟ್ಟಿದ್ದಳು.

“ಯಾಕವಾ, ತೊಳದೇನಲ್ಲ?”

“ತೊಳದೀರಿ, ಬೆಳ್ಳಿ ಆಗೇದ. ಆದ್ರ ಒಬ್ಬರ ಭಾಂಡೆ ಖಾಲಿ ತಿರುಗಿ ಕೊಡೂದಿಲ್ರಿ. ಅಕ್ಕಾರ ಇದ್ದಾಗ ಚಿಟಿಕಿ ಸಕ್ರಿನಾರ ಹಾಕೇ ಕೊಡತಿದ್ರು. ನಮ್ಮ ಮಂದ್ಯಾಗಂತೂ ಸೂತಕದ ಮನಿಯಿಂದ ಅಷ್ಟ ಖಾಲಿ ಬರ್ತೈತಿ...” ಎಂದವಳು ನಾಲಿಗೆ ಕಚ್ಚಿಕೊಂಡಳು. “ತಪ್ಪಾತ್ರಿ ಸಾಹೇಬ್ರ. ಎಲ್ಲಿ ಏನ್ ಅಂದೆ ನಾ!”

ವೀರಪ್ಪನವರು ಒಳಗೆ ಹೋದರು. ಹೆಂಡತಿ ಲಿಂಗೈಕ್ಯಳಾದ ಮೇಲೆ ಅಡಿಗೆಮನೆಯ ಯಾವ ಡಬ್ಬದಲ್ಲಿ ಏನಿದೆ ಎಂಬುದು ಅವರಿಗೆ ಇನ್ನೂ ಬಾಯಿಪಾಠವಾಗಿರಲಿಲ್ಲ. ನಾಲ್ಕೈದು ಮುಚ್ಚಳ ತೆಗೆದು ನೋಡಿದಾಗ ಸಕ್ಕರೆ ಸಿಕ್ಕಿತು. ಒಂದು ಚಮಚ ಎತ್ತಿದರು. ಅದನ್ನು ಡಬ್ಬಿಗೆ ಸುರಿದು ಮುಚ್ಚಳ ಒತ್ತುವಾಗ ಸೀತವ್ವನ ಮಾತು ಮತ್ತೆ ನೆನಪಾಯಿತು.

ಒಬ್ಬರ ಭಾಂಡೆಯನ್ನು ಖಾಲಿ ಕೊಡುವುದಿಲ್ಲ.

ಹಾಗಾದರೆ ಸಿರಸಂಗಿಯಲ್ಲಿ ಮನೆಯೊಳಗೆ ಬಟ್ಟಲು ಕಳಿಸಿ ಜನರ ಮನಸ್ಸು ಅಳೆದ ಆ ಹುಡುಗಿ, ಐಶ್ವರ್ಯಾ, ನಿಜಕ್ಕೂ ಏನನ್ನು ಅಳೆದಳು? ಅದನ್ನು ನಂಬಿ ತಾವು ಏನು ಮಾಡಿಬಿಟ್ಟರು?

ಸಿರಸಂಗಿಯ ಲಾರಿ ಡ್ರೈವರ್ ಸಾಗರ ಕಾಣೆಯಾಗಿದ್ದ. ಅವನ ರಕ್ತ ಹತ್ತಿದ ಅಂಗಿ ಮನೆಯ ಹಿಂದಿನ ಬಣವೆಯಲ್ಲಿ ಸಿಕ್ಕಿತ್ತು. ಅವನ ಹೆಂಡತಿ ಮಂಜುಳಾ ನಿನ್ನೆ ಸಂಜೆಯಿಂದ ಠಾಣೆಯಲ್ಲಿದ್ದಳು. ಇಂದು ಸಂಜೆಯೊಳಗೆ ಅವಳನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುವುದೆಂದು ವೀರಪ್ಪನವರೇ ಹೇಳಿದ್ದರು.

ಅಂಗಿಯನ್ನು ಬಣವೆಯಲ್ಲಿ ಯಾರು ಬೇಕಾದರೂ ತುರುಕಬಹುದಿತ್ತು. ಇನ್ನು ಜಗಳ. ಗಂಡ ಲೋಡು ತೆಗೆದುಕೊಂಡು ಹೊರಡುವ ಮುಂಚೆ ಗಂಡ ಹೆಂಡಿರ ಜಗಳ ಓಣಿಗೆಲ್ಲ ಕೇಳಿಸಿತ್ತು ನಿಜ. ಜಗಳವಿಲ್ಲದ ಸಂಸಾರ ಎಲ್ಲಿದೆ? ತಕ್ಕಡಿಯನ್ನು ಕೆಳಗೆ ಎಳೆದದ್ದು ಅಂಗಿಯೂ ಅಲ್ಲ, ಜಗಳವೂ ಅಲ್ಲ. ಒಂದು ಅಳತೆ.

ಸೀತವ್ವನ ಕೈಗೆ ಡಬ್ಬಿ ಕೊಟ್ಟವರೇ ವೀರಪ್ಪನವರು ಎದೆಯ ಮೇಲಿನ ಲಿಂಗವನ್ನು ಕಣ್ಣಿಗೊತ್ತಿಕೊಂಡು ಜೀಪು ಹತ್ತಿದರು.

*

ಐಶ್ವರ್ಯಾ ಯರಗಟ್ಟಿಯಲ್ಲಿ ಬಸ್ಸಿನ ನಿಲ್ದಾಣದ ಹಿಂದೆ ಒಂದು ಕೋಣೆ ಹಿಡಿದಿದ್ದಳು. ಮನಶ್ಶಾಸ್ತ್ರ ಓದಿದವಳು. ಜನರ ವ್ಯಕ್ತಿತ್ವದಲ್ಲಿ ದೋಷವಿದೆಯೇ, ಇದ್ದರೆ ಎಷ್ಟು ತೀವ್ರ ಎಂದು ಅಳೆಯುವುದು ಅವಳ ಕೆಲಸ. ಅದೂ ಆಸ್ಪತ್ರೆಗೆ ಬಂದ ರೋಗಿಗಳನ್ನಲ್ಲ. ಉಂಡು ಉಟ್ಟು, ಹೊಲ ಮನೆ ಮಾಡಿಕೊಂಡು ಊರಲ್ಲಿ ಎಲ್ಲರ ಹಾಗೆ ಇರುವವರನ್ನು. ಅಳತೆಗೆ ನಾಲ್ಕು ಮೆಟ್ಟಿಲು: ಇಲ್ಲ, ಅಲ್ಪ, ಮಧ್ಯಮ, ತೀವ್ರ.

ಸಿರಸಂಗಿಯಲ್ಲಿ ತೀವ್ರದ ಮೆಟ್ಟಿಲ ತುದಿಗೆ ನಿಂತವಳು ಮಂಜುಳಾ.

ಈ ಮಾತು ಹೊರಗೆ ಬರಬಾರದಿತ್ತು. “ಒಂದು ಜೀವದ ಪ್ರಶ್ನೆ” ಎಂದು ಮೊನ್ನೆ ಒತ್ತಾಯ ಮಾಡಿ ಬಾಯಿ ಬಿಡಿಸಿದವರು ವೀರಪ್ಪನವರೇ. ಸಂಜೆಯೊಳಗೆ ಊರ ಬಾಯಲ್ಲಿ ಮಂಜುಳಾ ತಲೆಕೆಟ್ಟವಳಾಗಿದ್ದಳು.

“ತಂಗಿ, ಆ ಮೂಲ್ಯಾಗಿನ ಚೀಲ ಏನದು?” ಎಂದರು ಅವಳ ಕೋಣೆಗೆ ಬಂದ ವೀರಪ್ಪನವರು. ಬಟ್ಟಲಿನ ಅಳತೆಯ ಮಾತನ್ನು ಮೊನ್ನೆ ಅರ್ಧಂಬರ್ಧ ಕೇಳಿದ್ದರು, ಇಂದು ಪೂರ್ತಿ ಕೇಳಬೇಕಿತ್ತು.

“ಜೋಳ್ರಿ ಸರ್. ಸಿರಸಂಗಿದು.”

“ನೀ ಜೋಳದ ವ್ಯಾಪಾರನೂ ಮಾಡ್ತೀಯೇನು?”

ಐಶ್ವರ್ಯಾ ನಕ್ಕಳು. “ಇಲ್ರಿ ಸರ್! ಹೆಣ್ಮಕ್ಕಳು ಅತ್ತಿ ಮಾವನ ಮುಂದ ಬಾಯಿ ಬಿಡೂದಿಲ್ರಿ. ‘ಸಿಟ್ಟಿನ್ಯಾಗ ಯಾರಿಗರ ಪೆಟ್ಟು ಮಾಡೀರೇನು, ನಾ ಯಾರು ಅಂತ ನನಗ ತಿಳಿವಲ್ದು ಅನಸ್ತೈತೇನು’ ಅಂತ ಎಲ್ಲಾರ ಮುಂದ ಕೇಳಿದ್ರ ಹ್ಯಾಂಗ ಹೇಳ್ತಾರ? ಅದಕ್ಕ ನಾನು ಪಡಸಾಲಿಯಾಗ ಕುಂತು ಪ್ರಶ್ನೆ ಓದತಿದ್ದೆ. ಅವರು ಅಡಗಿಮನಿ ಬಾಗಿಲ ಮರೀಗೆ. ಒಂದೊಂದು ಪ್ರಶ್ನೆಗೂ ಒಂದು ಬಟ್ಟಲ ಒಳಗ ಕಳಸೂದು. ಇಲ್ಲ ಅಂದ್ರ ಖಾಲಿ. ಒಮ್ಮೊಮ್ಮೆ ಅಂದ್ರ ಒಂದು ಚಿಟಿಕಿ ಜೋಳ. ಯಾವಾಗ್ಲೂ ಅಂದ್ರ ಒಂದು ಹಿಡಿ. ಯಾರಿಗೂ ಕೇಳಸೂದಿಲ್ಲ, ಯಾರಿಗೂ ಕಾಣಸೂದಿಲ್ಲ.”

ಕಪಾಟಿನಿಂದ ಅವಳು ಒಂದು ಹಿತ್ತಾಳೆ ಬಟ್ಟಲನ್ನು ತೆಗೆದಳು. ಸಣ್ಣದು, ಬೆಳಗಿದ್ದು.

“ಅಳದ ಮ್ಯಾಲೆ ಜೋಳ ತಿರುಗಿ ಕೊಡಲಿಲ್ಲೇನು?”

“ಕೊಡಾಕ ಹೋದ್ನಿರಿ. ಒಬ್ಬರೂ ಇಸ್ಕೊಳ್ಳಲಿಲ್ಲ. ‘ಕೊಟ್ಟದ್ದು ಹ್ಯಾಂಗ ತಗೋಳೂದ್ ಯವ್ವಾ’ ಅಂದ್ರು. ಅದಕ್ಕ ಈ ಚೀಲ...”

ವೀರಪ್ಪನವರು ಬಟ್ಟಲನ್ನು ಎತ್ತಿ, ಅದರ ಖಾಲಿ ಹೊಟ್ಟೆಯನ್ನು ಅವಳಿಗೆ ತೋರಿಸಿ, ಮತ್ತೆ ಕೆಳಗಿಟ್ಟರು.

ಐಶ್ವರ್ಯಾಳ ಮುಖದ ನಗೆ ನೋಡನೋಡುತ್ತ ಇಳಿದುಹೋಯಿತು. ಅವಳು ಚೀಲವನ್ನು ನೋಡಿದಳು, ಬಟ್ಟಲನ್ನು ನೋಡಿದಳು.

“ನಮ್ಮವ್ವನೂ ಹಂಗ ಮಾಡ್ತಾಳ್ರಿ ಸರ್,” ಎಂದಳು, ಪಿಸುಮಾತಿನಲ್ಲಿ. “ಯಾರ ಭಾಂಡೆನೂ ಖಾಲಿ ಕೊಡಂಗಿಲ್ಲ. ನನಗ ಗೊತ್ತಿತ್ರಿ. ನಮ್ಮ ಮನ್ಯಾಗ ಗೊತ್ತಿತ್ತು, ಅಲ್ಲಿ ಕುಂತಾಗ ಹೊಳೀಲಿಲ್ಲ. ನನ್ನ ಬಟ್ಟಲ ಅವರ ಕೈಯಾಗ ಹೋದ್ರ ಅದೂ ಒಬ್ಬರ ಭಾಂಡೆನ ಅಲ್ರಿ?”

“ಮಂಜುಳಾ ಎಷ್ಟ ಹಾಕಿದ್ಲು?”

“ಪ್ರತಿ ಸಲಾನೂ ಸುರಿಹೋಗೂವಂಗ.” ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. “ಊರಾಗಿನ ಹೆಣ್ಮಕ್ಕಳೆಲ್ಲಾರದೂ ಹೆಚ್ಚ ಬಂದಾಗ ನಾ ಖುಷಿಪಟ್ಟೇನ್ರಿ ಸರ್. ದೊಡ್ಡ ಸಂಗತಿ ಸಿಕ್ತು ಅಂತ. ಅವರು ಮರ್ಯಾದಿ ಮಾಡಿದ್ದನ್ನ ನಾ ಜಡ್ಡು ಅಂತ ಅಳದೆ.”

“ನೀ ಅಳದಿ. ನಾ ಅದನ್ನ ನಂಬಿ ಒಬ್ಬಾಕಿನ್ನ ಒಳಗ ಹಾಕಿದೆ,” ಎಂದರು ವೀರಪ್ಪನವರು.

ಬಾಗಿಲ ತನಕ ಹೋದವರು ತಿರುಗಿ ನಿಂತರು. “ಎಲ್ಲಾ ಹೆಣ್ಮಕ್ಕಳದೂ ಹೆಚ್ಚ ಬಂತು ಅಂದಿ. ಒಬ್ಬಾಕೀದೂ ಖಾಲಿ ಬರಲಿಲ್ಲ?”

“ಒಬ್ಬಾಕೀದು ಬಂತ್ರಿ. ಎಲ್ಲಾ ಪ್ರಶ್ನೆಗೂ ಖಾಲಿ. ಒಂದು ಕಾಳೂ ಇಲ್ಲ. ಊರಾಗ ಇದೊಂದ ಜೀವ ನೆಟ್ಟಗ ಐತಿ ಅಂದ್ಕೊಂಡೆ.”

“ಯಾರಾಕಿ?”

“ಮಂಜುಳಾನ ಅತ್ತಿ. ಬಾಯವ್ವ.”

ಸೀತವ್ವ ನಾಲಿಗೆ ಕಚ್ಚಿಕೊಂಡ ಮಾತು ವೀರಪ್ಪನವರ ಕಿವಿಯಲ್ಲಿ ಮತ್ತೊಮ್ಮೆ ಆಡಿತು. ಲಿಂಗವಂತರಿಗೆ ಸೂತಕವಿಲ್ಲ ಎಂದು ಕೇಳಿಕೊಂಡೇ ಬೆಳೆದ ಮನುಷ್ಯ. ಹೆಂಡತಿ ಹೋದ ಮರುದಿನವೂ ಲಿಂಗಪೂಜೆ ಬಿಟ್ಟವರಲ್ಲ. ಅದಕ್ಕೇ ಇದು ಅವರಿಗೆ ಹೊಳೆದಿರಲಿಲ್ಲ. ಆದರೆ ಬಾಯವ್ವ ಮತ್ತು ಅವಳ ಗಂಡ ಶಟ್ಟೆಪ್ಪನ ಮನೆತನದಲ್ಲಿ ಸೂತಕವನ್ನು ಬಿಗಿಯಾಗಿ ಪಾಲಿಸುತ್ತಿದ್ದರು.

“ತಂಗಿ, ಈ ಬಟ್ಟಲ ನಾ ಒಯ್ಯತೇನಿ,” ಎಂದರು.

*

ಠಾಣೆಯ ಕಟ್ಟೆಯ ಮೇಲೆ ನಿಜಗುಣಪ್ಪ ಕುಳಿತಿದ್ದ. ಯರಗಟ್ಟಿಯಲ್ಲಿ ಗೋವಿನಜೋಳ, ಹತ್ತಿ ಹಿಡಿಯುವ ದೊಡ್ಡ ವ್ಯಾಪಾರಿ. ಸಾಗರ ಅವನ ಲಾರಿ ಓಡಿಸುತ್ತಿದ್ದ. ಹಣೆಯ ತುಂಬ ವಿಭೂತಿ, ಮಾತಿಗೊಮ್ಮೆ ಶಿವನ ಹೆಸರು. ಸಾಗರನನ್ನು ಹುಡುಕಿಸಿರೆಂದು ದಿನವೂ ಬಂದು ಕೂರುತ್ತಿದ್ದವನು ಅವನೇ. “ಊರಿಗೆ ತಲಿ ಅಳಿಯಾಕ ಒಬ್ಬಾಕಿ ಬಂದಿದ್ಲಲ್ರಿ, ಆಕೀನ್ನ ಕೇಳ್ರಿ, ಯಾರ ತಲಿ ನೆಟ್ಟಗಿಲ್ಲ ಅಂತ ಹೇಳ್ತಾಳು” ಎಂದು ಮೊದಲು ಸೂಚಿಸಿದವನೂ ಅವನೇ.

“ಏನ್ರಿ ಸಾಹೇಬ್ರ, ಆಕಿ ಬಾಯಿ ಬಿಟ್ಲೇನು?”

ವೀರಪ್ಪನವರು ನೇರ ಒಳಗೆ ಹೋದರು.

ಮಂಜುಳಾ ಗೋಡೆಗೆ ಒರಗಿ ಕುಳಿತಿದ್ದಳು. ಕೈ ತುಂಬ ಹಸಿರು ಬಳೆ. ಹಣೆಯಲ್ಲಿ ಕುಂಕುಮ ನಿನ್ನೆಯದೇ, ಬೆವರಿಗೆ ಹರಡಿತ್ತು. ಸಾಹೇಬರನ್ನು ಕಂಡು ಎದ್ದು ನಿಂತಳು.

“ಒಂದ ಮಾತ ಕೇಳ್ಲೇನ್ರಿ? ನಾ ಹುಚ್ಚಿ ಏನ್ರಿ?”

“ಅಲ್ಲವಾ.”

“ಎಲ್ಲಾರೂ ಅನ್ನಾಕತ್ಯಾರು. ನೀವೂ ಅಂದ್ರಿ.”

ವೀರಪ್ಪನವರು ಕುರ್ಚಿ ಎಳೆದುಕೊಂಡರೂ ಕೂರಲಿಲ್ಲ. “ಮಂಜುಳಾ, ಆ ಸಾಲಿ ಕಲ್ತ ಹುಡುಗಿ ಬಟ್ಟಲ ಕೊಟ್ಟಾಗ ನೀ ಯಾಕ ಅಷ್ಟೊಂದು ಜೋಳ ಹಾಕಿದಿ?”

ಅವಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. “ಮನಿಗೆ ಬಂದಾಕಿ ಬಟ್ಟಲ್ರಿ. ಹೊಸಾ ರಾಶಿ ಮನ್ಯಾಗ ಬಂದಿತ್ತು. ಮತ್ತ...” ತಲೆ ತಗ್ಗಿಸಿದಳು. “ಮನಿಯವರು ಲೋಡ್ ತಗೊಂಡು ಸಾಂಗ್ಲಿ ಹಾದಿಮ್ಯಾಲಿದ್ರು. ನನ್ನ ಕೂಡ ಜಗಳಾಡಿ ಹೋಗಿದ್ರು. ಕೈತುಂಬ ಕೊಟ್ರ ಅವರು ಹಾಯಾಗಿ ತಿರುಗಿ ಬರ್ತಾರು ಅಂತ ಮನಸಿನ್ಯಾಗ ಅಂದ್ಕೊಂಡು ಹಾಕಿದೆ. ಅದೂ ತಪ್ಪಾತೇನ್ರಿ?”

ಮೂವತ್ತು ವರ್ಷದ ನೌಕರಿಯಲ್ಲಿ ವೀರಪ್ಪನವರು ಕಳ್ಳರೆದುರು, ಕೊಲೆಗಡುಕರೆದುರು ನಿಂತಿದ್ದರು. ಯಾರೆದುರೂ ಹೀಗೆ ಕಣ್ಣು ತಗ್ಗಿಸಿರಲಿಲ್ಲ. ಗಂಡನಿಗಾಗಿ ಹರಸಿಕೊಂಡು ಹಾಕಿದ ಹಿಡಿ ಜೋಳವನ್ನೇ ಅವರು ಅವಳ ಕೊರಳಿಗೆ ಕಟ್ಟಿದ್ದರು.

ಇನ್ನೊಂದು ಮಾತು ಅದಕ್ಕಿಂತ ಭಾರವಾಗಿತ್ತು. ಅವರ ಊಹೆ ನಿಜವಾದರೆ ಇವಳು ನಿರಪರಾಧಿ. ಊಹೆ ನಿಜವಾದರೆ ಇವಳು ವಿಧವೆಯೂ ಹೌದು. ಮೊದಲನೆಯದನ್ನು ಹೇಳಿ ಎರಡನೆಯದನ್ನು ಹೇಳದೆ ಇರುವುದು ಹೇಗೆ?

“ನಡಿಯವಾ,” ಎಂದರು. “ನಿನ್ನ ಮನಿಗೆ ಹೋಗೂಣು.”

ಜೀಪಿನ ಹಿಂದೆ ಮಂಜುಳಾಳೂ ಒಬ್ಬ ಮಹಿಳಾ ಪೇದೆಯೂ ಕುಳಿತರು. ಮುಂದೆ, ತಾವೇ ಜೀಪು ಓಡಿಸುವ ವೀರಪ್ಪನವರ ಪಕ್ಕಕ್ಕೆ, ಬೇಡವೆನ್ನುವ ಮೊದಲೇ, ನಿಜಗುಣಪ್ಪ ಹತ್ತಿದ್ದ. “ನಾನೂ ಬರತೇನ್ರಿ. ಶಟ್ಟೆಪ್ಪಗ ಸಮಾಧಾನ ಹೇಳಾಕ ಒಬ್ಬರ ಬೇಕಲ್ಲ.”

ರಾಶಿ ಮುಗಿದ ಎರೆಹೊಲಗಳ ನಡುವೆ ರಸ್ತೆ ಸಾಗಿತು. ಸಿರಸಂಗಿಯ ಕಾಳಿಕಾ ಗುಡಿಯ ಗುಡ್ಡ ಕಂಡಾಗ ಮಂಜುಳಾ ಕೈಮುಗಿದದ್ದು ಕನ್ನಡಿಯಲ್ಲಿ ಕಂಡಿತು. ವೀರಪ್ಪನವರು ಮೆಲ್ಲಗೆ ಕೇಳಿದರು:

“ಮನ್ಯಾಗ ದೇವರ ದೀಪ ಯಾರ ಹಚ್ಚತೀರವಾ?”

“ಯಾವಾಗ್ಲೂ ಅತ್ತಿನ ರೀ. ನಡಕ ಒಂದಿಷ್ಟ ದಿನ ‘ನನ್ನ ಕೈಲಾಗವಲ್ದು, ನೀ ಹಚ್ಚು’ ಅಂದ್ರು. ದೇವರ ಜಗಲಿ ಕಡಿ ಹಾಯಲೇ ಇಲ್ಲ. ಮೊನ್ನಿಂದ ಮತ್ತ ಅವರ ಹಚ್ಚಾಕತ್ಯಾರು.”

ನಿಜಗುಣಪ್ಪ ಕೆಮ್ಮಿದ. ಹೆಗಲ ಮೇಲಿನ ವಸ್ತ್ರದಿಂದ ಕತ್ತು ಒರೆಸಿಕೊಂಡ. “ಏನ್ ಬಿಸಲ್ರೀ ಸಾಹೇಬ್ರ. ಎಲ್ಲೆರ ನಿಂದರಸ್ರಿ, ಒಂದು ಚಹಾ ಕುಡಿಯೂಣು.”

“ಬಾಯವ್ವನ ಮನ್ಯಾಗ ಕುಡಿಯೂಣಲ್ರಿ.”

“ಛೆ, ಅಲ್ಲಿ ಬ್ಯಾಡ್ರಿ,” ಎಂದ ನಿಜಗುಣಪ್ಪ, ತುಸು ಅವಸರದಿಂದ. ಆ ಅವಸರ ವೀರಪ್ಪನವರ ಕಿವಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ಅವರ ಮನಸ್ಸೆಲ್ಲ ಹಿಂದೆ ಕುಳಿತವಳ ಬಳೆಯ ಸದ್ದಿನಲ್ಲಿತ್ತು.

*

ಬಾಯವ್ವ ಪಡಸಾಲೆಯಲ್ಲಿ ಜೋಳ ಕೇರುತ್ತಿದ್ದಳು. ಒಣಗಿದ ಮೈ, ಸೊಂಟದಲ್ಲಿ ಎಲೆಯಡಿಕೆಯ ಚಂಚಿ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಶಟ್ಟೆಪ್ಪ ಊರಾಚೆಯ ಮಡ್ಡಿಯ, ಕಲ್ಲುದಿಬ್ಬದ ಹೊಲದಲ್ಲಿ ಒಬ್ಬನೇ ಕಡಲೆ ಕಾಯುತ್ತಿದ್ದ.

ನಿಜಗುಣಪ್ಪ ಜೀಪಿನಿಂದ ಇಳಿಯಲಿಲ್ಲ. “ನೀವು ಹೋಗ್ರಿ, ನಾ ಇಲ್ಲೇ ಕುಂದರತೇನಿ,” ಎಂದ. ವೀರಪ್ಪನವರು ಕೀಲಿಯನ್ನೂ ತೆಗೆಯದೆ ಇಳಿದರು. ಮಂಜುಳಾ ಕಾಲು ತೊಳೆಯಲು ಪೇದೆಯೊಡನೆ ಅಂಗಳದ ತೊಟ್ಟಿಯ ಬಳಿ ನಿಂತಳು.

“ಬರ್ರಿ ಸಾಹೇಬ್ರ, ಕುಂದರ್ರಿ. ಸೊಸಿನ್ನ ಬಿಟ್ರೇನು?”

ವೀರಪ್ಪನವರು ಕಂಬಳಿಯ ಮೇಲೆ ಕುಳಿತು ಚೀಲದಿಂದ ಬಟ್ಟಲು ತೆಗೆದು ಅವಳೆದುರು ಇಟ್ಟರು.

ಕೇರುವ ಮೊರ ನಿಂತಿತು.

“ಇದರ ಗುರ್ತ ಹತ್ತಿತೇನು ಬಾಯವ್ವ?”

“ಹತ್ತೈತ್ರಿ. ಆ ಸಾಲಿ ಕಲ್ತ ಹುಡುಗೀದು.”

“ಓಣಿ ಹೆಣ್ಮಕ್ಕಳೆಲ್ಲಾ ಹಾಕಿ ಕೊಟ್ಟಾರ. ನಿನ್ನ ಸೊಸಿ ಸುರಿಹೋಗೂವಂಗ ಹಾಕ್ಯಾಳ. ನೀ ಒಂದು ಕಾಳೂ ಹಾಕಲಿಲ್ಲ.”

“ಆಕಿ ಕೇಳಿದ್ದಕ್ಕ ಇಲ್ಲ ಅಂದೆ. ಇಲ್ಲ ಅಂದ್ರ ಖಾಲಿ ಕೊಡ್ರಿ ಅಂದಿದ್ಲಲ್ಲ.”

“ಅದು ಎಲ್ಲಾರಿಗೂ ಹೇಳಿದ್ಲು. ಯಾರೂ ಕೇಳಲಿಲ್ಲ. ನೀ ಒಬ್ಬಾಕೇ ಕೇಳಿದಿ.”

ಬಾಯವ್ವ ಮೊರವನ್ನು ಮತ್ತೆ ಕೈಗೆತ್ತಿಕೊಂಡಳು, ಕೇರಲಿಲ್ಲ. “ಮುಪ್ಪಿನ ಮುದಕಿ. ಮರ್ತಿರಬೇಕ್ರಿ.”

“ನಿನ್ನೆ ಬಂದಾಗ ಕೇಳಿದ್ದನ್ನ ಮತ್ತ ಕೇಳ್ತೇನಿ. ಶಟ್ಟೆಪ್ಪ ತಲಿ ಯಾಕ ಬೋಳಿಸ್ಯಾನ?”

“ಗೊಡಚಿ ವೀರಭದ್ರಗ ಮುಡಿ ಕೊಟ್ಟಾರ್ರಿ. ಹರಕಿ ಇತ್ತು.”

“ಎಂಥಾ ಹರಕಿ?”

“ಮಗಾ ತಿರುಗಿ ಬರ್ಲೆಂತ.”

“ಮಗಾ ಬಂದ್ನೇನು?”

ಬಾಯವ್ವ ಮೊರದಲ್ಲಿನ ಕಾಳನ್ನು ಬೆರಳಿಂದ ಕೆದಕಿದಳು.

“ಹರಕಿ ತೀರಿದ ಮ್ಯಾಲಲ್ಲೇನವಾ ಮುಡಿ ಕೊಡೂದು?” ವೀರಪ್ಪನವರ ಧ್ವನಿ ಗಡುಸಾಗಿರಲಿಲ್ಲ, ಬೇಡುವವರ ಧ್ವನಿಯಂತಿತ್ತು. “ದೇವರ ಹೆಸರು ಬಂತು ಅಂತ ನಾ ಮುಂದ ಕೇಳಲೇ ಇಲ್ಲ. ಕೇಳಬೇಕಿತ್ತು. ಕೇಳಿದ್ರ ನಿನ್ನ ಸೊಸಿ ಠಾಣೆ ಮೆಟ್ಟಲ ಹತ್ತತಿರಲಿಲ್ಲ. ಈಗ ಕೇಳಾಕ ಬಂದೇನಿ. ಆ ಬಟ್ಟಲ ನಿನ್ನ ಕೈಗೆ ಬಂದ ದಿನ ನಿನಗ ಯಾರ ಸೂತಕ ಇತ್ತು, ಬಾಯವ್ವ?”

ಅಂಗಳದಲ್ಲಿ ನೀರು ಸುರಿಯುವ ಸದ್ದು ಕೇಳಿಸುತ್ತಿತ್ತು. ಬಾಯವ್ವ ಮೊಣಕಾಲ ಮೇಲೆ ಕೈಯೂರಿ ಎದ್ದಳು. ಬಟ್ಟಲು ಎತ್ತಿಕೊಂಡು ಅಡಿಗೆಮನೆಗೆ ಹೋದಳು.

ತಿರುಗಿ ಬಂದಾಗ ಬಟ್ಟಲು ತುಂಬಿತ್ತು. ಅದನ್ನು ಸಾಹೇಬರ ಮುಂದೆ ಇಟ್ಟು, ಸೆರಗು ಹೊದ್ದುಕೊಂಡು ನೆಲಕ್ಕೆ ಕುಸಿದಳು.

“ಈಗ ಮುಗದೈತ್ರಿ,” ಎಂದಳು. “ಈಗ ಕೊಡಾಕ ಬರ್ತೈತಿ.”

ವೀರಪ್ಪನವರು ಕಣ್ಣು ಮುಚ್ಚಿಕೊಂಡರು.

“ಸಾಲಿ ಕಲ್ತ ಹುಡುಗಿ, ಯಾರದೋ ಮನಿ ಮಗಳು. ಸೂತಕದ ಕೈಯಿಂದ ಕಾಳು ಹಾಕಿ ಆಕಿ ಮನಿಗೂ ಅಂಟಸಲೇನ್ರಿ? ಊರಿಗೆ ಸುಳ್ಳ ಹೇಳಿದೆ. ಸೊಸಿಗೆ ಸುಳ್ಳ ಹೇಳಿದೆ. ಆಕಿ ಕುಂಕುಮ ಹಚ್ಕೋವಾಗ ದಿನಾ ನೋಡಿದೆ, ನೋಡಿ ಸುಮ್ಮನಿದ್ದೆ. ನೀವು ಆಕಿನ್ನ ಒಯ್ಯುವಾಗೂ ಸುಮ್ಮನಿದ್ದೆ. ನನ್ನ ಬಾಯಿಗೆ ಹುಳಾ ಬೀಳ್ಲಿ. ಆದ್ರ ಬಟ್ಟಲದಾಗ ಕಾಳು ಹಾಕಾಕ ಕೈ ಏಳಲಿಲ್ರಿ.”

ಒಂದೇ ಮನೆ, ಒಂದೇ ಒಲೆ. ಅತ್ತೆಗೆ ಸೂತಕ, ಸೊಸೆಗೆ ಮುತ್ತೈದೆತನ. ಆ ಗುಟ್ಟನ್ನು ಒಡಲಲ್ಲಿಟ್ಟುಕೊಂಡು ಈ ಮುದುಕಿ ರೊಟ್ಟಿ ಬಡಿದಿದ್ದಳು, ಸೊಸೆಗೆ ಉಣ್ಣಲು ನೀಡಿದ್ದಳು. ಊರಲ್ಲಿ ಇದೊಂದೇ ಜೀವ ನೆಟ್ಟಗಿದೆ ಎಂದು ಅಳತೆ ಹೇಳಿತ್ತು.

“ಜೋಳದಾಗ ಕೈ ಹಾಕ್ರಿ,” ಎಂದಳು ಬಾಯವ್ವ.

ವೀರಪ್ಪನವರು ಬೆರಳಿಂದ ಕಾಳುಗಳನ್ನು ಸರಿಸಿದರು. ತಣ್ಣಗೆ ಏನೋ ತಾಗಿತು. ಹೊರಗೆ ಎಳೆದರು. ಬೆಳ್ಳಿಯ ಉಡದಾರ. ಕೊಂಡಿ ಹಾಕಿದ್ದು ಹಾಕಿದಂತೆಯೇ ಇತ್ತು. ಇನ್ನೊಂದು ಕಡೆ, ಎಳೆಗಳು ಕತ್ತರಿಸಿಹೋಗಿದ್ದವು.

ಬದುಕಿರುವ ಗಂಡಸಿನ ಉಡದಾರವನ್ನು ಯಾರೂ ಕತ್ತರಿಸುವುದಿಲ್ಲ.

“ಅದು ಅವರದು.”

ಮಂಜುಳಾ ಹೊಸ್ತಿಲಲ್ಲಿ ನಿಂತಿದ್ದಳು. ಕಾಲಿನಿಂದ ನೀರು ಇಳಿಯುತ್ತಿತ್ತು. ಯಾವಾಗ ಬಂದಳೋ, ಎಷ್ಟು ಕೇಳಿದಳೋ.

“ಯರಗಟ್ಟಿ ಅಕ್ಕಸಾಲಿಗ ಹೇಳಿ ನಾನ ಮಾಡಿಸಿದ್ದೆ. ಅತ್ತಿ, ಅದು ಇಲ್ಲಿ ಹ್ಯಾಂಗ ಬಂತು? ಕೊಂಡಿ ಬಿಚ್ಚಿಲ್ಲಲ್ಲ. ಅತ್ತಿ?”

ಬಾಯವ್ವ ಸೊಸೆಯ ಹಣೆಯನ್ನು ನೋಡಲಾರದೆ ಗೋಡೆಯ ಕಡೆ ಹೊರಳಿದಳು. ಮಂಜುಳಾ ಹೊಸ್ತಿಲ ಚೌಕಟ್ಟು ಹಿಡಿದುಕೊಂಡು ನಿಧಾನವಾಗಿ ಕುಳಿತಳು. ಬಳೆಗಳು ಕಟ್ಟಿಗೆಗೆ ತಾಗಿ ಸದ್ದು ಮಾಡಿದವು.

ವೀರಪ್ಪನವರು ಬಾಯವ್ವನ ಕಡೆಗೆ ತಿರುಗಿದರು.

“ಯಾರು ಕತ್ತರಿಸಿದ್ದು?”

“ನಾ ನೋಡಿಲ್ರಿ. ಹೆಣಾನೂ ನೋಡಿಲ್ಲ. ಗಂಡನ್ನ ಕರಕೊಂಡು ಹೋಗಿ ಮಣ್ಣ ಮಾಡ್ಯಾರು, ಎಲ್ಲಿ ಅಂತ ಅವಗ ಗೊತ್ತು, ಹೇಳವಲ್ಲ. ನಸುಕಿನ್ಯಾಗ ಬಂದು ಇದನ್ನ ನನ್ನ ಕೈಯಾಗ ಇಟ್ಟು ‘ಮಗನ್ನಂತೂ ಕಳಕೊಂಡಿ, ಬಾಯಿ ಬಿಟ್ರ ಶಟ್ಟೆಪ್ಪನ್ನೂ ಕಳಕೋತೀ’ ಅಂದ್ರು.”

“ಯಾರು ಬಾಯವ್ವ? ಹೆಸರು ಹೇಳು.”

ಬಾಯವ್ವ ಗೋಡೆಯ ಕಡೆ ಮುಖವಿಟ್ಟುಕೊಂಡೇ ಕೈ ಎತ್ತಿ ಹೊರಗೆ ತೋರಿಸಿದಳು.

“ನಿಮ್ಮ ಜೀಪಿನ್ಯಾಗ ಕುಂತಾರಲ್ರಿ. ಅವರ.”

ಆ ಮಾತು ಮುಗಿಯುವುದಕ್ಕೂ ಹೊರಗೆ ಜೀಪು ಗುರುಗುಟ್ಟುವುದಕ್ಕೂ ಸರಿಹೋಯಿತು.

ವೀರಪ್ಪನವರು ಮಂಜುಳಾಳನ್ನು ದಾಟಿಕೊಂಡು ಓಡಿದರು. ಅಂಗಳದಲ್ಲಿ ಧೂಳು ತುಂಬಿತ್ತು. ಪೇದೆ ಕೂಗುತ್ತ ಓಣಿಯ ತುದಿಯವರೆಗೆ ಓಡಿ ನಿಂತುಬಿಟ್ಟಿದ್ದಳು. ಅಲ್ಲಿ ದಾರಿ ಎರಡಾಗುತ್ತಿತ್ತು. ಓಡಿಹೋಗುವವನು ಯರಗಟ್ಟಿಯ ಡಾಂಬರು ರಸ್ತೆ ಹಿಡಿಯಬೇಕು.

ಜೀಪು ಆ ಕಡೆ ಹೋಗಿರಲಿಲ್ಲ. ಧೂಳಿನ ಸಾಲು ಮಡ್ಡಿಯ ಕಡೆ ಎದ್ದಿತ್ತು; ಹೆಣ ಎಲ್ಲಿದೆಯೆಂದು ಬಲ್ಲ ಶಟ್ಟೆಪ್ಪ ಒಬ್ಬನೇ ಕಡಲೆ ಕಾಯುತ್ತಿದ್ದ ಹೊಲದ ಕಡೆ.